ಮನೆ ಮಾತು: ಬೇಸ್ ಗಿಟಾರಿಗೆ ಎಂಥ ಪೆಟ್ಟಿಗೆ ಬೇಕು?



ಒಂದು ಆದಿತ್ಯವಾರ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುತ್ತಿದ್ದಾಗ ನಮ್ಮ ವಾಳೆಯ ಒಬ್ಬ ತಾಯಿ ನಮ್ಮನ್ನು ನಿಲ್ಲಿಸಿದರು. "ಟೀಚರ್, ಅಂಕಲ್, ನಿಮ್ಮಿಬ್ಬರ ಹತ್ತಿರ ಒಂದು ಮಾತು ಕೇಳಬೇಕಿತ್ತು" ಎಂದರು. ಅವರ ಮಗ ಮದುವೆ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ಬಾರಿಸುತ್ತಾನೆ. ಅವನಿಗೆ ಒಂದು ಆಂಪ್ಲಿಫೈಯರ್, ಒಂದು ಸ್ಪೀಕರ್ ಪೆಟ್ಟಿಗೆ ಬೇಕಂತೆ. ತಂದೆ ಮಸ್ಕತ್ತಿನಲ್ಲಿದ್ದಾರೆ. ಮನೆ ಕಟ್ಟಿದ ಸಾಲ ಇನ್ನೂ ತೀರಿಲ್ಲ. "ಮಗ ಐನೂರು ವಾಟ್ ಬೇಕು ಅನ್ನುತ್ತಾನೆ, ಅಂಗಡಿಯವರು ಸಾವಿರದ್ದೇ ತಗೊಳ್ಳಿ ಅನ್ನುತ್ತಾರೆ. ನನಗೆ ವಾಟ್ ಅಂದರೆ ಬಲ್ಬು ಮಾತ್ರ ಗೊತ್ತು. ಅವನ ಅಪ್ಪ ಬಿಸಿಲಲ್ಲಿ ದುಡಿದ ಹಣ, ಸುಮ್ಮನೆ ಹೋಗಬಾರದು ನೋಡಿ" ಎಂದರು.

ಈ ಅಂಕಣವನ್ನು ನಾವು ಗಂಡ ಹೆಂಡತಿ ಸೇರಿ ಬರೆಯುತ್ತೇವೆಂದು ನಿಮಗೆ ಗೊತ್ತಿದೆ. ನಮ್ಮಲ್ಲಿ ಒಬ್ಬರು ಹಿಂದೆ ಮಂಜೇಶ್ವರದಿಂದ ಕಾಸರಗೋಡಿನವರೆಗೆ ಮದುವೆ ಹಾಲುಗಳಲ್ಲಿ, ರೋಸ್ ಮನೆಗಳ ಅಂಗಳದಲ್ಲಿ ಬೇಸ್ ಬಾರಿಸಿದವರು. ಇನ್ನೊಬ್ಬರು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಆ ತಾಯಿ ಕೇಳಲು ಬಂದದ್ದು ಅದಕ್ಕಾಗಿಯೇ ಇರಬಹುದು. ಆದರೆ ನಮ್ಮ ಮನಸ್ಸು ಚುಚ್ಚಿದ್ದು ಬೇರೆ ಕಾರಣಕ್ಕೆ.

ಅದರ ಹಿಂದಿನ ವರ್ಷ ಚರ್ಚಿನ ಹಬ್ಬದ ಸಾಯಂಕಾಲ ಮೈದಾನದಲ್ಲಿ ಸಂಗೀತ ಕಾರ್ಯಕ್ರಮವಿತ್ತು. ಈ ಹುಡುಗನ ಬಳಿ ಬೇಸ್ ಗಿಟಾರ್ ಇತ್ತು, ಆಂಪ್ ಇರಲಿಲ್ಲ. ಗಾಯನ ಮಂಡಳಿಯವರು ಕ್ಯಾರಲ್ ಹಣದಿಂದ ತೆಗೆದ ಒಂದು ಚಿಕ್ಕ ಗಿಟಾರ್ ಆಂಪ್ ಅಲ್ಲೇ ಇತ್ತು. "ಅದಕ್ಕೇ ಹಾಕು ಮಗಾ, ಒಂದು ದಿನದ ಮಟ್ಟಿಗೆ ನಡೆಯುತ್ತದೆ" ಎಂದವರು ನಾವೇ. ಮೂರನೇ ಹಾಡಿಗೆ ಡ್ರಮ್ಮಿನ ಶಬ್ದ ಮೀರಲು ಅವನು ವಾಲ್ಯೂಮ್ ಏರಿಸಿದ. ಪರ್ರ್ ಎಂದು ಸದ್ದು ಬಂತು, ಆಮೇಲೆ ಏನೂ ಇಲ್ಲ. ಸ್ಪೀಕರಿನ ಕೋನ್ ಹರಿದಿತ್ತು. ಯಾರೂ ಗಟ್ಟಿಯಾಗಿ ಬೈಯಲಿಲ್ಲ. ಆದರೆ ಮಂಡಳಿಯ ವಸ್ತು ಹಾಳು ಮಾಡಿದನೆಂಬ ಮಾತು ಅವನ ಕಿವಿಗೆ ಬಿತ್ತು. ಎರಡು ತಿಂಗಳು ಗಿಟಾರ್ ಮಂಚದ ಕೆಳಗಿತ್ತು ಎಂದು ತಾಯಿ ಅಂದು ಹೇಳಿದರು. ತಪ್ಪು ಹೇಳಿಕೊಟ್ಟವರು ನಾವು, ತಲೆ ತಗ್ಗಿಸಿದವನು ಅವನು.

ಆದ್ದರಿಂದ ಈ ತಿಂಗಳ ಅಂಕಣ ಆ ಹುಡುಗನಿಗೆ, ಮತ್ತು ಮಕ್ಕಳ ಕೈಯಲ್ಲಿ ಗಿಟಾರ್ ಕೊಟ್ಟು ಮುಂದೇನು ಎಂದು ಯೋಚಿಸುವ ಎಲ್ಲ ತಂದೆ ತಾಯಂದಿರಿಗೆ.

ಕೋನ್ ಹರಿದದ್ದು ಏಕೆ?

ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿ ಅದರ ಅರ್ಧ, ಸುಮಾರು 41 ಸಲ. ಐದು ತಂತಿಯ ಬೇಸ್ ಆದರೆ ಸುಮಾರು 31ಕ್ಕೆ ಇಳಿಯುತ್ತದೆ. ಸ್ವರ ಕೆಳಗಿಳಿದಷ್ಟೂ ಸ್ಪೀಕರ್ ಹೆಚ್ಚು ಗಾಳಿಯನ್ನು ತಳ್ಳಬೇಕು. ಲೆಕ್ಕ ಹೇಗೆಂದರೆ, ಅಷ್ಟೇ ಜೋರಿನಲ್ಲಿ ಸ್ವರ ಒಂದು ಸ್ಥಾಯಿ ಕೆಳಗಿಳಿದರೆ ಕೋನ್ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಬೇಕಾಗುತ್ತದೆ. ಗಿಟಾರ್ ಆಂಪಿನ ಸ್ಪೀಕರನ್ನು ಇಷ್ಟು ಓಡಲಿಕ್ಕಾಗಿ ಮಾಡಿರುವುದಿಲ್ಲ. ಮನೆಯಲ್ಲಿ ಮೆಲ್ಲಗೆ ಬಾರಿಸಿದರೆ ತಡೆದುಕೊಳ್ಳುತ್ತದೆ. ಮೈದಾನದಲ್ಲಿ ಡ್ರಮ್ಮಿನ ಜೊತೆ ಸ್ಪರ್ಧೆಗೆ ನಿಲ್ಲಿಸಿದರೆ ಹರಿಯುತ್ತದೆ. ಹುಡುಗನ ಕೈಯಲ್ಲಿ ತಪ್ಪಿರಲಿಲ್ಲ, ಸಾಮಾನಿನ ಆಯ್ಕೆಯಲ್ಲಿತ್ತು.

ಈ ತೊಂದರೆ ಬೇಸ್ ಗಿಟಾರಿನಷ್ಟೇ ಹಳೆಯದು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಗಿಟಾರನ್ನು ಮಾರುಕಟ್ಟೆಗೆ ತಂದರು. ಅದಕ್ಕೆಂದೇ ಬೇರೆ ಆಂಪ್ ಬೇಕೆಂದು ಕಂಡು 1952ರಲ್ಲಿ 15 ಇಂಚಿನ ಒಂದು ಸ್ಪೀಕರಿನ ಬೇಸ್‌ಮನ್ ಆಂಪ್ ಬಂತು. 1969ರಲ್ಲಿ ಆಂಪೆಗ್ ಕಂಪೆನಿ ಎಸ್.ವಿ.ಟಿ. ಎಂಬ 300 ವಾಟಿನ ವಾಲ್ವ್ ಆಂಪ್ ಮಾಡಿತು. ಹತ್ತಿಂಚಿನ ಎಂಟು ಸ್ಪೀಕರುಗಳಿರುವ ಅದರ ಪೆಟ್ಟಿಗೆಗೆ ಬಾರಿಸುವವರು ಇಟ್ಟ ಹೆಸರು ಫ್ರಿಜ್. ಈಗ ಸಿಗುವ ಅದೇ ನಮೂನೆಯ ಪೆಟ್ಟಿಗೆ 60 ಕಿಲೋಗೂ ಮಿಕ್ಕಿ ತೂಗುತ್ತದೆ. ಆ ಕಾಲದಲ್ಲಿ ದೊಡ್ಡ ಮೈದಾನದಲ್ಲೂ ಬೇಸ್ ಕೇಳಬೇಕಾದರೆ ವೇದಿಕೆಯ ಪೆಟ್ಟಿಗೆಯೇ ಗತಿ. ಈಗ ಹಾಗಿಲ್ಲ. ಆ ವ್ಯತ್ಯಾಸವೇ ನಮ್ಮ ಹಣ ಉಳಿಸುತ್ತದೆ.

ಮೊದಲು ಜಾಗ ನೋಡಿ

ಅಂಗಡಿಗೆ ಹೋಗುವ ಮೊದಲು ಹುಡುಗನಿಂದ ಒಂದು ಪಟ್ಟಿ ಬರೆಸಿದೆವು. ಕಳೆದ ಒಂದು ವರ್ಷದಲ್ಲಿ ಎಲ್ಲೆಲ್ಲಿ ಬಾರಿಸಿದೆ? ಎಷ್ಟು ಜನ ಇದ್ದರು? ಸೌಂಡಿನವರು ಬಂದಿದ್ದರೇ? ಪೆಟ್ಟಿಗೆ ಹೊತ್ತದ್ದು ಯಾರು?

ಉತ್ತರ ನೋಡಿದಾಗ ಅರ್ಧ ಗೊಂದಲ ತೀರಿತು. ಹೆಚ್ಚಿನವು ರೋಸ್ ಮನೆಗಳು, ಸಣ್ಣ ಹಾಲುಗಳು, ಇನ್ನೂರು ಮುನ್ನೂರು ಜನ. ದೊಡ್ಡ ಮದುವೆ ಮತ್ತು ಹಬ್ಬದ ಮೈದಾನದಲ್ಲಿ ಸೌಂಡಿನವರು ದೊಡ್ಡ ಪೆಟ್ಟಿಗೆಗಳನ್ನು ತಂದೇ ತರುತ್ತಾರೆ. ಅಲ್ಲಿ ಬೇಸ್‌ನ ಸ್ವರವನ್ನು ತಂತಿಯ ಮೂಲಕ ಅವರ ಮಿಕ್ಸರಿಗೆ ಕೊಟ್ಟರೆ ಸಾಕು, ಜನರಿಗೆ ಕೇಳಿಸುವ ಕೆಲಸ ಅವರದು. ಹುಡುಗನ ಪೆಟ್ಟಿಗೆಯ ಕೆಲಸ ವೇದಿಕೆಯ ಮೇಲೆ ಅವನಿಗೂ ಡ್ರಮ್ಮಿನವನಿಗೂ ಹಾಡುವವರಿಗೂ ಕೇಳಿಸುವುದು ಮಾತ್ರ. ಸೌಂಡಿನವರಿಲ್ಲದ ರೋಸ್ ಮನೆಯಲ್ಲಿ ಅದೇ ಪೆಟ್ಟಿಗೆ ಇಡೀ ಅಂಗಳಕ್ಕೂ ಆಗಬೇಕು. ಈ ಎರಡಕ್ಕೂ ಒದಗುವ ಸಾಮಾನು ಹುಡುಕಬೇಕು, ಹಂಪನಕಟ್ಟೆಯ ಅಂಗಡಿಯ ಗಾಜಿನೊಳಗೆ ಚೆಂದ ಕಾಣುವುದನ್ನಲ್ಲ.

ಮಿಕ್ಸರಿಗೆ ಸ್ವರ ಕೊಡುವ ಆ ಸೌಲಭ್ಯಕ್ಕೆ ಡಿ.ಐ. ಔಟ್ ಎನ್ನುತ್ತಾರೆ. ಆಂಪಿನ ಹಿಂದೆ ಮೈಕಿನ ವಯರ್ ಚುಚ್ಚುವಂಥ ಮೂರು ಪಿನ್ನಿನ ಜಾಗ ಅದು. ಇದಿಲ್ಲದ ಬೇಸ್ ಆಂಪ್ ಎಷ್ಟು ಅಗ್ಗಕ್ಕೆ ಸಿಕ್ಕಿದರೂ ನಮ್ಮ ಮಕ್ಕಳಿಗೆ ಬೇಡ. ಅದರ ಪಕ್ಕದಲ್ಲೇ ಗ್ರೌಂಡ್ ಲಿಫ್ಟ್ ಎಂಬ ಚಿಕ್ಕ ಗುಂಡಿ ಇದ್ದರೆ ಇನ್ನೂ ಒಳ್ಳೆಯದು. ಸೌಂಡಿನವರಿಗೆ ಜೋಡಿಸಿದಾಗ ಗುಂಯ್ ಎಂಬ ಸದ್ದು ಬಂದರೆ ಅದನ್ನು ಒತ್ತಿದರೆ ಹೆಚ್ಚಾಗಿ ನಿಲ್ಲುತ್ತದೆ.

ವಾಟ್ ಎಂಬ ಮೋಹ

ತಾಯಿಯ ಪ್ರಶ್ನೆಗೆ ಬರೋಣ. ಐನೂರೇ, ಸಾವಿರವೇ?

ವಾಟ್ ಎರಡು ಪಟ್ಟಾದರೆ ಶಬ್ದ ಎರಡು ಪಟ್ಟಾಗುವುದಿಲ್ಲ. ಬರೇ 3 ಡೆಸಿಬೆಲ್ ಏರುತ್ತದೆ. ಕಿವಿಗೆ ಸ್ವಲ್ಪ ಜೋರಾಯಿತು ಅನಿಸುವಷ್ಟೇ. ನಮ್ಮ ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ ಐನೂರರಿಂದ ಸಾವಿರಕ್ಕೆ ಹೋಗಲು ಕೊಡುವ ಹಣಕ್ಕೆ ಸಿಗುವ ಫಲ ಸ್ವಲ್ಪವೇ.

ಅದೇ 3 ಡೆಸಿಬೆಲ್ ಒಳ್ಳೆಯ ಸ್ಪೀಕರಿನಿಂದಲೂ ಬರುತ್ತದೆ. ಪೆಟ್ಟಿಗೆಯ ವಿವರದಲ್ಲಿ ಸೆನ್ಸಿಟಿವಿಟಿ ಎಂದು ಒಂದು ಅಂಕಿ ಇರುತ್ತದೆ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಬರುತ್ತದೆ ಎಂಬ ಲೆಕ್ಕ ಅದು. 97 ಎಂದಿರುವ ಪೆಟ್ಟಿಗೆಗೆ 500 ವಾಟ್ ಕೊಡುವುದೂ, 100 ಎಂದಿರುವ ಪೆಟ್ಟಿಗೆಗೆ 250 ವಾಟ್ ಕೊಡುವುದೂ ಜೋರಿನಲ್ಲಿ ಒಂದೇ. ಆದ್ದರಿಂದ ಹಣ ಕಡಿಮೆ ಇದ್ದರೆ ಪೆಟ್ಟಿಗೆಯಲ್ಲಿ ಉಳಿಸಬೇಡಿ, ಹೆಡ್ಡಿನಲ್ಲಿ ಉಳಿಸಿ. ನಾವು ಕೇಳುವುದು ಪೆಟ್ಟಿಗೆಯ ದನಿಯನ್ನೇ.

ವಾಟ್ ಅಂಕಿಯಲ್ಲೂ ಜಾಗ್ರತೆ ಬೇಕು. ಹಿಂದೆ ಟೇಪ್ ರೆಕಾರ್ಡರುಗಳ ಮೇಲೆ ಸಾವಿರಗಟ್ಟಲೆ ಪಿ.ಎಂ.ಪಿ.ಒ. ವಾಟ್ ಎಂದು ಬರೆದಿರುತ್ತಿದ್ದುದು ನಿಮಗೆ ನೆನಪಿರಬಹುದು. ಅದು ಮಾರುವವರ ಲೆಕ್ಕ. ಎಡೆಬಿಡದೆ ಎಷ್ಟು ಕೊಡುತ್ತದೆ ಎಂಬ ಆರ್.ಎಂ.ಎಸ್. ಅಂಕಿ ಕೇಳಿ. ಪೀಕ್ ಎಂಬ ಅಂಕಿ ತೋರಿಸಿದರೆ ನಂಬಿ ಕೂರಬೇಡಿ.

ಹೆಡ್, ಪೆಟ್ಟಿಗೆ, ಓಂ

ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿದ್ದರೆ ಕಾಂಬೋ. ಬೇರೆ ಬೇರೆ ಇದ್ದರೆ ಹೆಡ್ ಮತ್ತು ಕ್ಯಾಬಿನೆಟ್. ಕಾಂಬೋ ಸುಲಭ, ಒಂದೇ ಸಲ ಎತ್ತಿಕೊಂಡು ಹೋಗಬಹುದು. ಆದರೆ ಒಂದು ಭಾಗ ಕೆಟ್ಟರೆ ಇಡೀ ಪೆಟ್ಟಿಗೆ ರಿಪೇರಿಗೆ ಹೋಗುತ್ತದೆ. ಬೇರೆ ಬೇರೆ ಇದ್ದರೆ ಒಂದನ್ನು ಇಂದು, ಇನ್ನೊಂದನ್ನು ನಾಳೆ ಬದಲಾಯಿಸಬಹುದು. ಸಾಲದ ಮನೆಯವರಿಗೆ ಈ ದಾರಿ ಒಳ್ಳೆಯದೆಂದು ನಮಗೆ ಕಂಡಿತು.

ಇಲ್ಲಿ ಓಂ ಎಂಬ ಅಂಕಿ ತಿಳಿದಿರಬೇಕು. ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ ಅದು. ಬೇಸ್ ಪೆಟ್ಟಿಗೆಗಳು ಸಾಮಾನ್ಯವಾಗಿ 8 ಓಂ ಅಥವಾ 4 ಓಂ ಇರುತ್ತವೆ. 8 ಓಂನ ಎರಡು ಪೆಟ್ಟಿಗೆಗಳನ್ನು ಒಟ್ಟಿಗೆ ಜೋಡಿಸಿದರೆ ಹೆಡ್ಡಿಗೆ ಕಾಣುವುದು 4 ಓಂ. 4 ಓಂನ ಎರಡನ್ನು ಜೋಡಿಸಿದರೆ 2 ಓಂ. ಹೆಚ್ಚಿನ ಹೆಡ್‌ಗಳ ಹಿಂದೆ ಕನಿಷ್ಠ 4 ಓಂ ಎಂದು ಬರೆದಿರುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಹೆಡ್ ಬಿಸಿಯಾಗಿ ಬಂದ್ ಆಗಬಹುದು, ಸುಟ್ಟೂ ಹೋಗಬಹುದು. ಹಾಗಾಗಿ ಮುಂದೆ ಎರಡನೇ ಪೆಟ್ಟಿಗೆ ಸೇರಿಸುವ ಆಸೆ ಇದ್ದರೆ ಮೊದಲನೆಯದು 8 ಓಂನದ್ದೇ ಇರಲಿ.

ಹೆಡ್ಡಿನ ಮೇಲೆ 500 ವಾಟ್ ಎಂದು ಬರೆದಿದ್ದರೆ ಅದು ಸಾಧಾರಣವಾಗಿ 4 ಓಂನ ಲೆಕ್ಕ. 8 ಓಂನ ಒಂದೇ ಪೆಟ್ಟಿಗೆ ಜೋಡಿಸಿದಾಗ ಅರ್ಧ ಅಥವಾ ಅದಕ್ಕಿಂತ ತುಸು ಹೆಚ್ಚು ಮಾತ್ರ ಬರುತ್ತದೆ. ಇದು ಮೋಸವಲ್ಲ, ವಿದ್ಯುತ್ತಿನ ನಿಯಮ. ಅದೇ ಮಾದರಿಯ ಎರಡನೇ ಪೆಟ್ಟಿಗೆ ಬಂದ ದಿನ ಹೆಡ್ ತನ್ನ ಪೂರ್ತಿ ಶಕ್ತಿ ಕೊಡುತ್ತದೆ, ಗಾಳಿ ತಳ್ಳುವ ಕೋನ್‌ಗಳೂ ಎರಡು ಪಟ್ಟಾಗುತ್ತವೆ. ಎರಡೂ ಸೇರಿ 5ರಿಂದ 6 ಡೆಸಿಬೆಲ್ ಹೆಚ್ಚು. ಸಾವಿರ ವಾಟಿನ ಹೆಡ್ ಕೊಳ್ಳುವುದಕ್ಕಿಂತ ಇದು ಬುದ್ಧಿವಂತಿಕೆ.

ವಾಲ್ವ್ ಇರುವ ಹಳೆಯ ಆಂಪ್ ಯಾರಾದರೂ ಕೊಟ್ಟರೆ ಒಂದು ಮಾತು ನೆನಪಿರಲಿ. ಪೆಟ್ಟಿಗೆ ಜೋಡಿಸದೆ ಅದನ್ನು ಚಾಲೂ ಮಾಡಿ ಬಾರಿಸಬಾರದು, ಒಳಗಿನ ಟ್ರಾನ್ಸ್‌ಫಾರ್ಮರ್ ಹೋಗಬಹುದು.

ಇನ್ನು ಸ್ಪೀಕರಿನ ಗಾತ್ರ. ಹದಿನೈದು ಇಂಚಿನದ್ದು ಗಂಭೀರ, ಹತ್ತಿಂಚಿನದ್ದು ಚುರುಕು ಎಂಬ ಮಾತು ಬಾರಿಸುವವರ ನಡುವೆ ಇದೆ. ಇಂಚು ನೋಡಿ ದನಿ ಹೇಳಲಾಗದು, ಒಳಗಿನ ಸ್ಪೀಕರಿನ ಮಾದರಿ ಮತ್ತು ಪೆಟ್ಟಿಗೆಯ ಅಳತೆ ಎರಡೂ ಸೇರಿ ದನಿ ಹುಟ್ಟುತ್ತದೆ. ಒಂದು ಮಾತು ಮಾತ್ರ ಗಟ್ಟಿ. ಪೆಟ್ಟಿಗೆ ಚಿಕ್ಕದಾಗಿರಬೇಕು, ಕೆಳಸ್ವರ ಆಳವಾಗಿರಬೇಕು, ಸ್ವಲ್ಪ ವಾಟಿಗೇ ಜೋರಾಗಿರಬೇಕು, ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. ಎರಡನ್ನು ಹಿಡಿದರೆ ಮೂರನೆಯದನ್ನು ಬಿಡಬೇಕು. ಮೂರೂ ಇದೆ ಎಂದು ಯಾರಾದರೂ ಮಾರಲು ಬಂದರೆ ನಕ್ಕು ಮುಂದೆ ಹೋಗಿ.

ಹೊರುವ ಹೆಗಲು

ಹಿಂದೆ ನಮ್ಮ ಬಳಿ ಇದ್ದ ನಾಲ್ಕು ಸ್ಪೀಕರಿನ ಪೆಟ್ಟಿಗೆಗೆ ಇಬ್ಬರು ಬೇಕಿತ್ತು. ಮಳೆಗಾಲದಲ್ಲಿ ಜಾರುವ ಮೆಟ್ಟಿಲಲ್ಲಿ ಅದನ್ನು ಹತ್ತಿಸಿದ ಬೆನ್ನು ನೋವು ನಮ್ಮಲ್ಲೊಬ್ಬರಿಗೆ ಇಂದಿಗೂ ಇದೆ. ಹಳೆಯ ಮಾದರಿಯ ಇಂಥ ಪೆಟ್ಟಿಗೆಗಳು 40 ಕಿಲೋ ದಾಟುವುದುಂಟು. ಈಗ ಕ್ಲಾಸ್ ಡಿ ಎಂಬ ಬಗೆಯ ಹೆಡ್‌ಗಳು ಎರಡು ಮೂರು ಕಿಲೋದಲ್ಲೇ ಸಿಗುತ್ತವೆ, ಶಾಲೆಯ ಚೀಲದಲ್ಲಿ ಹಿಡಿಯುತ್ತವೆ. ನಿಯೋಡಿಮಿಯಮ್ ಅಯಸ್ಕಾಂತದ ಸ್ಪೀಕರ್ ಇರುವ ಚಿಕ್ಕ ಪೆಟ್ಟಿಗೆ 15 ಕಿಲೋ ಆಸುಪಾಸಿನಲ್ಲಿ ಬರುತ್ತದೆ. ಬೆಲೆ ಜಾಸ್ತಿ, ಆದರೆ ಆಟೋದಲ್ಲಿ ಒಬ್ಬನೇ ಒಯ್ಯಬಹುದು. ಪ್ರತಿ ಸಲ ಟೆಂಪೋ ಬಾಡಿಗೆ ಕೊಡುವುದನ್ನು ಲೆಕ್ಕ ಹಾಕಿದರೆ ಆ ಹೆಚ್ಚಿನ ಬೆಲೆ ಮರಳಿ ಬರುತ್ತದೆ. ಅಂಗಡಿಗೆ ಹೋಗುವಾಗ ಒಂದು ಅಳತೆ ಟೇಪು ಕೊಂಡುಹೋಗಿ. ನಿಮ್ಮ ಕಾರಿನ ಡಿಕ್ಕಿಯಲ್ಲಿ ಹಿಡಿಯದ ಪೆಟ್ಟಿಗೆ ನಿಮಗಲ್ಲ.

ಅಂಗಡಿಯಲ್ಲಿ ಪರೀಕ್ಷೆ

ನಾವು ನಾಲ್ವರು ಮಂಗಳೂರಿಗೆ ಹೋದೆವು, ತಾಯಿ, ಮಗ, ನಾವಿಬ್ಬರು. ಹುಡುಗ ತನ್ನದೇ ಗಿಟಾರ್ ತಂದಿದ್ದ. ಅಂಗಡಿಯ ದುಬಾರಿ ಗಿಟಾರಿನಲ್ಲಿ ಎಲ್ಲ ಆಂಪೂ ಚೆಂದ ಕೇಳುತ್ತದೆ, ಆದ್ದರಿಂದ ಇದು ಮುಖ್ಯ. ಎಲ್ಲ ಗುಂಡಿಗಳನ್ನು ಮಧ್ಯದಲ್ಲಿ ಇಡಿಸಿದೆವು. ಕೆಳಸ್ವರ ಮೇಲ್ಸ್ವರ ಎರಡನ್ನೂ ಏರಿಸಿ ನಡುಸ್ವರ ಇಳಿಸಿದರೆ ಒಬ್ಬನೇ ಬಾರಿಸುವಾಗ ಬಹಳ ಹಿತ. ಆದರೆ ಬ್ಯಾಂಡಿನ ನಡುವೆ ಆ ದನಿ ಕಾಣೆಯಾಗುತ್ತದೆ. ಬೇಸ್ ಯಾವ ಸ್ವರದಲ್ಲಿದೆ ಎಂದು ಕಿವಿಗೆ ತಿಳಿಸುವುದು ನಡುಸ್ವರವೇ.

ಆಮೇಲೆ ದಪ್ಪ ತಂತಿಯನ್ನು ತೆರೆದು ನಿಧಾನವಾಗಿ ಬಾರಿಸಿ, ದನಿ ಪೂರ್ತಿ ಆರುವವರೆಗೆ ಕೇಳು ಎಂದೆವು. ಮೆಲ್ಲಗೆ, ಆಮೇಲೆ ಕಾರ್ಯಕ್ರಮದ ಜೋರಿನಲ್ಲಿ. ಪರ್ ಎನ್ನುವುದೋ, ಟಪ್ ಎಂದು ಹೊಡೆಯುವುದೋ ಕೇಳಿದರೆ ಅದು ಕೋನಿನ ನೋವು, ಅಲ್ಲಿಗೇ ನಿಲ್ಲಿಸಬೇಕು. ತಾಯಿಯನ್ನು ಅಂಗಡಿಯ ಆ ಕೊನೆಯಲ್ಲಿ ನಿಲ್ಲಿಸಿ ಕೇಳಿಸಿದೆವು. ಮೊದಲ ಪೆಟ್ಟಿಗೆಗೆ ಅವರು "ಬರೇ ಗುಡುಗು" ಎಂದರು. ಮೂರನೆಯದಕ್ಕೆ "ಇದರಲ್ಲಿ ರಾಗ ಗೊತ್ತಾಗುತ್ತದೆ" ಎಂದರು. ವಾಟ್ ತಿಳಿಯದ ಕಿವಿಯೇ ಅಂದು ಸರಿಯಾಗಿ ಆರಿಸಿತು.

ತೆಗೆದುಕೊಂಡದ್ದು 4 ಓಂಗೆ 500 ವಾಟ್ ಕೊಡುವ ಚಿಕ್ಕ ಹೆಡ್ ಮತ್ತು ಹತ್ತಿಂಚಿನ ಎರಡು ಸ್ಪೀಕರಿನ 8 ಓಂ ಪೆಟ್ಟಿಗೆ ಒಂದು. ಮಗನ ಅಂಕಿ ಉಳಿಯಿತು, ಆದರೆ ಅದರ ಅರ್ಥ ಅವನಿಗೆ ಈಗ ತಿಳಿದಿತ್ತು. ಸ್ಪೀಕರಿಗೆ ಹೋಗುವ ವಯರ್ ಬೇರೆಯೇ ಕೊಂಡೆವು. ಗಿಟಾರಿನ ವಯರ್ ನೋಡಲು ಹಾಗೆಯೇ ಇದ್ದರೂ ಒಳಗಿನ ತಂತಿ ತೀರಾ ಸಪೂರ. ಅದನ್ನು ಹೆಡ್ಡಿನಿಂದ ಪೆಟ್ಟಿಗೆಗೆ ಹಾಕಿದರೆ ಬಿಸಿಯಾಗಿ ಕರಗಬಹುದು, ಹೆಡ್ಡೂ ಕೆಡಬಹುದು.

ವಿದೇಶದಿಂದ ತರಿಸುವವರಿಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿರುವ ಅಣ್ಣ ಪ್ರೀತಿಯಿಂದ ತಂದುಕೊಡುವ ಆಂಪ್ 120 ವೋಲ್ಟಿನದ್ದಿರಬಹುದು. ನಮ್ಮ 230 ವೋಲ್ಟಿಗೆ ನೇರ ಚುಚ್ಚಿದರೆ ಒಂದು ಕ್ಷಣ ಸಾಕು. ಹಿಂದಿನ ಪಟ್ಟಿ ಓದಿ ಆಮೇಲೆ ಚುಚ್ಚಿ.

ಜೀವಕ್ಕಿಂತ ಹಾಡು ದೊಡ್ಡದಲ್ಲ

ಇದನ್ನು ಪ್ರತಿಯೊಬ್ಬ ತಾಯಿಯೂ ಓದಬೇಕು. ಗಿಟಾರಿನ ತಂತಿ ಆಂಪಿನ ಮೂಲಕ ಅರ್ತಿಂಗ್‌ಗೆ ಸೇರಿರುತ್ತದೆ. ಹಾಡುವಾಗ ತುಟಿ ಮೈಕಿಗೆ ತಾಗುತ್ತದೆ. ಇವೆರಡರಲ್ಲಿ ಒಂದರ ಅರ್ತಿಂಗ್ ಕೆಟ್ಟಿದ್ದರೂ ಕರೆಂಟು ಮಗುವಿನ ಮೈಯೊಳಗಿಂದ ಹಾದುಹೋಗಬಹುದು. ಸ್ಕಾಟ್ಲೆಂಡಿನ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿ ನಗರದ ವೇದಿಕೆಯ ಮೇಲೆ ಅರ್ತಿಂಗ್ ಇಲ್ಲದ ಮೈಕ್ ಮುಟ್ಟಿ ಪ್ರಾಣ ಬಿಟ್ಟರು.

ನಮ್ಮಲ್ಲಿ ಗುಂಯ್ ಸದ್ದು ನಿಲ್ಲಿಸಲು ಪ್ಲಗ್ಗಿನ ಮೂರನೇ ಪಿನ್ ಮುರಿಯುವ ಅಭ್ಯಾಸ ಉಂಟು. ದಯವಿಟ್ಟು ಬೇಡ. ಆ ಸದ್ದಿಗೆ ಮೇಲೆ ಹೇಳಿದ ಗ್ರೌಂಡ್ ಲಿಫ್ಟ್ ಗುಂಡಿ ಇದೆ, ಅದು ಕರೆಂಟಿನ ಅರ್ತಿಂಗನ್ನು ಮುಟ್ಟುವುದಿಲ್ಲ. ಮೂರು ದೀಪದ ಪುಟ್ಟ ಸಾಕೆಟ್ ಟೆಸ್ಟರ್ ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುತ್ತದೆ. ಯಾವ ಮನೆಗೆ ಹೋದರೂ ಮೊದಲು ಅದನ್ನು ಚುಚ್ಚಿ ನೋಡಲಿ. ಜನರೇಟರ್ ಇದ್ದರೆ ಬೋರ್ಡಿನಲ್ಲಿ ಇ.ಎಲ್.ಸಿ.ಬಿ. ಇದೆಯೇ ಎಂದು ಸೌಂಡಿನವರನ್ನು ಕೇಳಲಿ. ಮಳೆ ಬಂದು ಶಾಮಿಯಾನ ಸೋರಿದರೆ ಹಾಡು ನಿಲ್ಲಿಸಲಿ. ಮದುಮಕ್ಕಳು ಬೇಸರಿಸುವುದಿಲ್ಲ.

ಇಡುವ ರೀತಿ, ಕಾಯುವ ರೀತಿ

ಪೆಟ್ಟಿಗೆಯನ್ನು ಗೋಡೆಯ ಮೂಲೆಗೆ ಒತ್ತಿ ನೆಲದ ಮೇಲಿಟ್ಟರೆ ಕೆಳಸ್ವರ ತಾನಾಗಿ ಏರುತ್ತದೆ. ರೋಸ್ ಮನೆಯ ತೆರೆದ ಅಂಗಳದಲ್ಲಿ ಇದು ಉಪಕಾರ. ಟೈಲ್ಸ್ ನೆಲ, ಶೀಟಿನ ಮಾಡು ಇರುವ ಹಾಲಿನಲ್ಲಿ ಮಾತ್ರ ಎಲ್ಲ ಕಲಸಿಹೋಗುತ್ತದೆ. ಆಗ ಗೋಡೆಯಿಂದ ಮುಂದೆ ತನ್ನಿ, ಕೆಳಸ್ವರದ ಗುಂಡಿ ಇಳಿಸಿ. ಹಲಗೆಯ ಟೊಳ್ಳು ಸ್ಟೇಜು ಡೋಲಿನಂತೆ ಗುಂಯ್‌ಗುಡುತ್ತದೆ, ಅಲ್ಲಿ ಪೆಟ್ಟಿಗೆಯ ಕೆಳಗೆ ದಪ್ಪ ಫೋಮ್ ಹಾಕಿ, ಇಲ್ಲವೇ ಗಟ್ಟಿಯಾದ ಬೆಂಚಿನ ಮೇಲೆ ಇಡಿ. ಬೆಂಚಿನಿಂದ ಇನ್ನೊಂದು ಲಾಭ. ಮೇಲ್ಸ್ವರಗಳು ನೇರ ಮುಂದಕ್ಕೆ ಹೋಗುವಂಥವು, ನೆಲದಲ್ಲಿಟ್ಟರೆ ಬಾರಿಸುವವನ ಕಾಲಿಗೆ ಮಾತ್ರ ಕೇಳುತ್ತವೆ. ಅವನಿಗೆ ಕೇಳಿಸದೆ ವಾಲ್ಯೂಮ್ ಏರಿಸುತ್ತಾನೆ, ಮುಂದಿನ ಸಾಲಿನ ಅಜ್ಜಿ ಎದೆ ಹಿಡಿದುಕೊಳ್ಳುತ್ತಾರೆ.

ಕಿವಿಯ ಲೆಕ್ಕವೂ ಇರಲಿ. ದಿನಕ್ಕೆ 8 ಗಂಟೆ 85 ಡೆಸಿಬೆಲ್ ಎಂಬುದು ಕೆಲಸದ ಜಾಗಗಳಿಗೆ ತಜ್ಞರು ಹಾಕಿದ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧವಾಗುತ್ತದೆ, 100 ಡೆಸಿಬೆಲ್‌ಗೆ ಕೇವಲ 15 ನಿಮಿಷ. ಡ್ರಮ್ಮಿನ ಪಕ್ಕ ನಿಲ್ಲುವ ಮಗನಿಗೆ ಕಿವಿಯ ಪ್ಲಗ್ ಕೊಡಿಸಿ. ಇನ್ನು ಕಾನೂನು. 2000ದ ಶಬ್ದ ಮಾಲಿನ್ಯ ನಿಯಮಗಳು ಕೇರಳಕ್ಕೂ ಕರ್ನಾಟಕಕ್ಕೂ ಒಂದೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಸಲ್ಲದು. ಕೆಲವು ಹಬ್ಬದ ದಿನಗಳಿಗೆ ಸರಕಾರ ವಿನಾಯಿತಿ ಕೊಟ್ಟರೆ ಮಧ್ಯರಾತ್ರಿಯವರೆಗೆ ಮಾತ್ರ. ಬೇಸ್‌ನ ಸ್ವರ ಗೋಡೆಗಳನ್ನು ದಾಟಿ ಹೋಗುವಂಥದ್ದು. ನೆರೆಮನೆಯಲ್ಲಿ ಪರೀಕ್ಷೆಗೆ ಓದುವ ಮಗು, ಹಾಸಿಗೆ ಹಿಡಿದ ಹಿರಿಯರು ಇರಬಹುದು.

ನಮ್ಮ ಕರಾವಳಿಯ ತೇವಕ್ಕೆ ತುಕ್ಕು, ಬೂಷ್ಟು ಬೇಗ ಹಿಡಿಯುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯನ್ನು ಸಿಮೆಂಟಿನ ನೆಲದಲ್ಲಿ ಇಡಬೇಡಿ, ಮಣೆಯ ಮೇಲಿಡಿ. ಬಟ್ಟೆಯ ಹೊದಿಕೆ ಸಾಕು, ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೆವರುತ್ತದೆ. ವಾರಕ್ಕೊಮ್ಮೆಯಾದರೂ ಚಾಲೂ ಮಾಡಿ ಬಾರಿಸಲಿ.

ಕೊನೆಗೆ

ಹೊಸ ಪೆಟ್ಟಿಗೆಯ ಮೊದಲ ಕಾರ್ಯಕ್ರಮ ಕುಂಬಳೆ ಕಡೆಯ ಒಂದು ರೋಸ್ ಮನೆಯಲ್ಲಿ. ನಾವೂ ಆ ತಾಯಿಯೂ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದೆವು. ನಾಲ್ಕೈದು ಹಾಡು ಕಳೆದಾಗ ತಾಯಿ ಮೆಲ್ಲಗೆ ಕೇಳಿದರು, "ಟೀಚರ್, ಎಲ್ಲರದ್ದೂ ಕೇಳುತ್ತದೆ, ಇವನದ್ದು ಎಲ್ಲಿ?" ಅಷ್ಟರಲ್ಲಿ ಅವನ ಗಿಟಾರಿನ ವಯರ್ ಯಾರದೋ ಕಾಲಿಗೆ ಸಿಕ್ಕಿ ಕಳಚಿತು. ಹಾಡು ನಡೆಯುತ್ತಲೇ ಇತ್ತು, ಆದರೆ ಕಂಬವಿಲ್ಲದ ಚಪ್ಪರದಂತೆ ಎಲ್ಲ ಸಡಿಲವಾಯಿತು. ಕುಣಿಯುತ್ತಿದ್ದ ಮಕ್ಕಳ ಕಾಲು ನಿಧಾನವಾಯಿತು. ಅವನು ಬಗ್ಗಿ ಪುನಃ ಚುಚ್ಚಿದ, ಹಾಡು ಎದ್ದು ನಿಂತಿತು. "ಓ, ಅದಾ ಇವನದ್ದು" ಎಂದರು ತಾಯಿ. ಮಸ್ಕತ್ತಿಗೆ ಫೋನ್ ಮಾಡಿ ಅದನ್ನೇ ಹೇಳಿದರಂತೆ.

ಆ ಹುಡುಗ ಮೂರು ಕಾರ್ಯಕ್ರಮಗಳ ಸಂಪಾದನೆಯಿಂದ ಗಾಯನ ಮಂಡಳಿಯ ಗಿಟಾರ್ ಆಂಪಿಗೆ ಹೊಸ ಸ್ಪೀಕರ್ ಹಾಕಿಸಿ ಕೊಟ್ಟ. ಅರ್ಧ ಹಣ ನಾವು ಕೊಟ್ಟೆವು, ಸಲಹೆ ನಮ್ಮದಾಗಿತ್ತಲ್ಲ. ಅವನು ಬೇಡ ಬೇಡವೆಂದ, ನಾವು ಬಿಡಲಿಲ್ಲ. ಎರಡನೇ ಪೆಟ್ಟಿಗೆ ಇನ್ನೂ ಕೊಂಡಿಲ್ಲ. ಈವರೆಗೆ ಅದರ ಅಗತ್ಯ ಬಿದ್ದಿಲ್ಲವಂತೆ.

ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಇದ್ದರೆ ಮೊದಲು ಜಾಗದ ಪಟ್ಟಿ ಬರೆಯಿರಿ, ಆಮೇಲೆ ಹೊರುವವರ ಹೆಗಲು ನೋಡಿ, ಆಮೇಲೆ ಕಿವಿಯಿಂದ ಕೇಳಿ. ವಾಟಿನ ಅಂಕಿ ಕೊನೆಗೆ ಬರಲಿ. ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.